ಮೀನಹೆಣ್ಣಿಗೊಂದು ಉಡಿ

ನಮ್ಮ ಮಗ್ಗದ ಕೋಣೆಗೆ ಫರಶಿ ಹಾಕಿಸುವ ಮಾತು ಮನೆಯಲ್ಲಿ ವರ್ಷಗಟ್ಟಲೆ ನಡೆದಿತ್ತು. ಮಗ ಹೂಂ ಅಂದರೆ ಸೊಸೆಗೆ ಬಣ್ಣ ಒಪ್ಪುತ್ತಿರಲಿಲ್ಲ, ಸೊಸೆ ಒಪ್ಪಿದರೆ ಫರಶಿಯವನು ಸಿಗುತ್ತಿರಲಿಲ್ಲ. ಇವತ್ತು ಎಲ್ಲ ಕೂಡಿ ಬಂತು. ಮುಂಜಾನೆ ಟ್ರ್ಯಾಕ್ಟರು ಬಂದು ಬಾಗಿಲ ಮುಂದೆ ಗರಸು ಮಣ್ಣು ಸುರುವಿ ಹೋಯಿತು. ಫರಶಿ ಕೆಲಸದ ಮೌಲಾಸಾಬ ಕೋಣೆಯೆಲ್ಲ ಕಣ್ಣಾಡಿಸಿ, ಕಿಟಕಿಯ ಪಕ್ಕ ನೆಲದ ಮೇಲೆ ಮುಚ್ಚಿದ್ದ ಹಳೆಯ ಹಲಗೆಗಳನ್ನು ಒಂದೊಂದಾಗಿ ಎತ್ತಿ ಗೋಡೆಗೆ ಆನಿಸಿದ. ಕಡೆಯ ಹಲಗೆ ಎತ್ತಿದ್ದೇ ತಡ, ಕೆಳಗಿನಿಂದ ಒಂದು ವಾಸನೆ ಎದ್ದು ಬಂತು. ಬಿಸಿಲು ಕಾಣದ ತಂಪು ಮಣ್ಣು, ನೂಲಿಗೆ ಹಾಕುವ ಗಂಜಿ, ಹಳೆಯ ಎಣ್ಣೆ, ಎಲ್ಲ ಬೆರೆತ ವಾಸನೆ. ಅದನ್ನು ನಾನು ಮರೆತೇ ಬಿಟ್ಟಿದ್ದೇನೆ ಅಂದುಕೊಂಡಿದ್ದೆ.

"ಇದೇನ್ರಿ ಅವ್ವಾರ, ಮನ್ಯಾಗ ಬಾವಿ ತೋಡೀರೇನು?" ಅಂದ ಮೌಲಾಸಾಬ.

"ಬಾವಿ ಅಲ್ಲಪಾ, ಮಗ್ಗದ ಕುಣಿ. ತುಂಬಿಬಿಡು" ಅಂದೆ, ಭಾಳ ಧೈರ್ಯದವಳ ಹಾಗೆ. ಅಂದವಳು ಹೊಸ್ತಿಲ ಮೇಲೆ ಕೂತುಬಿಟ್ಟೆ. "ತಡಿ, ಸ್ವಲ್ಪ ತಡಿ. ಚಾ ಕುಡದ ಬಾ ಹೋಗು" ಅಂತ ಅವನನ್ನು ಹೊರಗೆ ಕಳಿಸಿದೆ. ಅವನು ಚಹಾ ಕುಡಿದು ಬರುವತನಕ ನೀವೂ ಇಲ್ಲಿ ನನ್ನ ಮಗ್ಗುಲಲ್ಲಿ ಕೂಡ್ರಿ. ಅಷ್ಟರಲ್ಲಿ ಮುಗಿಯುವ ಸುದ್ದಿ ಇದಲ್ಲ. ಚುಟುಕಾಗಿ ಹೇಳುವ ಅಭ್ಯಾಸ ನನಗೂ ಇಲ್ಲ. ಮೌಲಾಸಾಬನಿಗೆ ಬೇಕಾದರೆ ಎರಡನೆಯ ಕಪ್ಪು ಕೊಟ್ಟರಾಯಿತು.

ಕುಣಿಮಗ್ಗ ಕಂಡವರು ಈಗ ಗಜೇಂದ್ರಗಡದಲ್ಲೂ ಕಡಿಮೆ, ಅದಕ್ಕೇ ಹೇಳುತ್ತೇನೆ. ನೆಲದಲ್ಲಿ ಒಂದು ತಗ್ಗು ತೋಡಿರುತ್ತಾರೆ. ನೇಯುವವರು ಅದರ ಅಂಚಿಗೆ ಕೂತು ಕಾಲು ಒಳಗೆ ಇಳಿಬಿಡಬೇಕು. ಕೆಳಗೆ ಕಾಲುಗಳು ಹಲಗೆ ತುಳಿಯುತ್ತವೆ, ಮೇಲೆ ಕೈಗಳು ಲಾಳಿ ಓಡಿಸುತ್ತವೆ. ತಗ್ಗಿನ ಗೋಡೆಯಲ್ಲಿ ಒಂದು ಸಣ್ಣ ಗೂಡು ಇರುತ್ತದೆ, ನೂಲು ಸುತ್ತಿದ ಕಂಡಿಕೆ ಇಟ್ಟುಕೊಳ್ಳಲಿಕ್ಕೆ. ಹೊರಗಿನಿಂದ ನೋಡಿದವರಿಗೆ ನೇಕಾರ ಕಾಣುವುದು ಅರ್ಧ ಮಾತ್ರ. ಸೊಂಟದ ಮೇಲೆ ಮನುಷ್ಯ, ಸೊಂಟದ ಕೆಳಗೆ ಏನಿದೆಯೋ ದೇವರಿಗೇ ಗೊತ್ತು.

ಈ ಕುಣಿಯಲ್ಲಿ ಕೂಡುತ್ತಿದ್ದವಳು ನನ್ನ ಮಾವನವರ ತಂಗಿ. ಹೆಸರು ಅಂಬವ್ವ, ಮನೆಯ ಸಣ್ಣವರಿಗೆಲ್ಲ ಅಂಬತ್ತಿ. ನಾನು ಸವಡಿಯಿಂದ ಈ ಮನೆಗೆ ಸೊಸೆಯಾಗಿ ಬಂದಾಗ ನಮ್ಮ ಕಡೆಯೆಲ್ಲ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. ಆಗ ನಮ್ಮ ಓಣಿಯ ಹೆಂಗಸರು ನೂಲು ಸುತ್ತುವುದು, ಗಂಜಿ ಹಾಕುವುದು, ಸೀರೆಯ ಮೈಗೂ ಸೆರಗಿಗೂ ಎಳೆಗೆ ಎಳೆ ಕೂಡಿಸಿ ಕೊಂಡಿ ಹಾಕುವುದು ಮಾಡುತ್ತಿದ್ದರು. ಮಗ್ಗದ ಮೇಲೆ ಕೂಡುವವರು ಗಂಡಸರು. ಅಂಬತ್ತಿ ಮಾತ್ರ ಗಂಡಸರ ಸರಿಸಮ ನೇಯುತ್ತಿದ್ದಳು. ಅಣ್ಣನ ಮನೆಯ ಅನ್ನ ಪುಕ್ಕಟೆ ಉಣ್ಣಬಾರದು ಅನ್ನುವ ಹಟ. ಮುಂಜಾನೆ ಕುಣಿಗೆ ಇಳಿದರೆ ದೀಪ ಹಚ್ಚುವ ಹೊತ್ತಿಗೇ ಮೇಲೆ ಬರುತ್ತಿದ್ದಳು. ಉಳಿದವರೆಲ್ಲ ನಕ್ಕು, ಜಗಳವಾಡಿ, ಉಂಡು, ಮಲಗಿ ಏಳುತ್ತಿದ್ದ ಆ ಮನೆಯಲ್ಲಿ ಅವಳ ಕೋಣೆಯಿಂದ ಲಾಳಿಯ ಸದ್ದೊಂದೇ ಬರುತ್ತಿತ್ತು.

ನಾನು ಬಂದ ಹೊಸದರಲ್ಲೇ ನಮ್ಮ ಅತ್ತೆಯವರು ನನ್ನನ್ನು ಒಲೆಯ ಹತ್ತಿರ ಕೂಡಿಸಿಕೊಂಡು ಬುದ್ಧಿ ಹೇಳಿದ್ದರು. "ನೋಡ ಸವಡಿಯಾಕಿ, ಆಕಿ ಮುಂಬೈ ಬಂದರದಾಗ ಇದ್ದ ಬಂದಾಕಿ. ಮಾತಿಗೆ ಕುಂತ್ರ ಮೀನಿನ ಸುದ್ದಿ ತಗೀತಾಳ. ಕೇಳಾಕ ಮನಸಾದ್ರ ಮಗ್ಗದ ಕೋಣ್ಯಾಗ ಕೇಳು. ಅಡಗಿ ಮನ್ಯಾಗ ಮೀನಿನ ಹೆಸರ ಎತ್ತಬ್ಯಾಡ."

ನಮ್ಮದು ಮೀನು, ಮಾಂಸ ಮುಟ್ಟದ ಮನೆ. ಮೀನು ಅನ್ನುವ ಮಾತಿಗೂ ಮೈಲಿಗೆ ಇದೆಯೆಂದು ನಮ್ಮ ಅತ್ತೆಯವರೇ ಕಂಡುಹಿಡಿದಿದ್ದರು. ಹೀಗಾಗಿ ನಮ್ಮ ಮನೆಯಲ್ಲಿ ಸಮುದ್ರವೆಲ್ಲ ಮಗ್ಗದ ಕೋಣೆಯ ಹೊಸ್ತಿಲಿನಿಂದ ಈಚೆಗೆ ಬರುತ್ತಿರಲಿಲ್ಲ. ಬರುವುದಾದರೂ ಹೇಗೆ ಹೇಳಿ? ಬೇಸಿಗೆ ಬಂತೆಂದರೆ ಒಂದು ಕೊಡ ನೀರಿಗೆ ಬಾವಿಯ ಕಟ್ಟೆಯ ಮೇಲೆ ಅಕ್ಕ ತಂಗಿಯರೇ ಮುಖ ತಿರುವುವ ಊರು ಇದು. ನಾನು ಅಲ್ಲಿಯವರೆಗೆ ಕಂಡಿದ್ದ ದೊಡ್ಡ ನೀರೆಂದರೆ ನಮ್ಮ ಸವಡಿಯ ಕೆರೆ, ಅದೂ ಮಳೆ ಚಲೋ ಆದ ವರ್ಷ.

ಬ್ಯಾಡ ಅಂದದ್ದನ್ನು ಕೇಳದೆ ಇರುವ ವಯಸ್ಸೇ ಅದು? ಮಧ್ಯಾಹ್ನ ಅತ್ತೆಯವರ ಕಣ್ಣು ಹತ್ತಿದ ಕೂಡಲೇ ನಾನು ಕಂಡಿಕೆ ಸುತ್ತುವ ನೆಪದಲ್ಲಿ ಅಂಬತ್ತಿಯ ಹತ್ತಿರ ಹೋಗಿ ಕೂಡುತ್ತಿದ್ದೆ. ಅವಳು ಲಾಳಿ ನಿಲ್ಲಿಸದೆಯೇ ಹೇಳುತ್ತಿದ್ದಳು, ಹೀಗಾಗಿ ಅವಳ ಮಾತಿಗೆ ಲಾಳಿಯದೇ ತಾಳ.

ಅಂಬತ್ತಿಯ ಗಂಡ ರೋಣದವರು. ನೇಕಾರಿಕೆ ಬಿಟ್ಟು ಮುಂಬಯಿಯ ಗಿರಣಿ ಸೇರಿದವರು, ಗಿರಣಿಯ ಹವೆ ಒಗ್ಗದೆ ಬಂದರದಲ್ಲಿ ಹಮಾಲಿಗೆ ನಿಂತರು. ಬಂದರದ ಹತ್ತಿರವೇ ಒಂದು ಖೋಲಿ. ಸುತ್ತ ಮೀನುಗಾರರ ಮನೆಗಳು. ಆ ಬಂದರದ ಒಂದು ಮೂಲೆಯಲ್ಲಿ, ಸಮುದ್ರದ ನೀರು ಇಳಿದಾಗ ಮಾತ್ರ ಕಾಣುವ ಒಂದು ಚಪ್ಪಟೆ ಕರಿಯ ಕಲ್ಲು ಇತ್ತಂತೆ. ಆ ಕಲ್ಲಿನದೇ ಕತೆ.

"ಆ ಕಲ್ಲಿನ ಮ್ಯಾಲೆ ಒಬ್ಬಾಕಿ ಮದಿಮಗಳು ಕುಂತಿದ್ಲಂತ" ಅನ್ನುತ್ತಿದ್ದಳು ಅಂಬತ್ತಿ. "ಗಂಡ ದೋಣಿ ತಗೊಂಡ ಹ್ವಾದ. ಬರತೇನಿ ಅಂದಾಂವ ಬರಲೇ ಇಲ್ಲ. ಈಕಿ ಕಾಲ ನೀರಾಗ ಬಿಟಗೊಂಡ ಕುಂತ, ಕುಂತ, ಕಾಲ ನೀರಿಂದಾ ಆಗಿಬಿಟ್ಟೂವು. ಮ್ಯಾಲೆ ಹೆಣ್ಣು, ತೆಳಗ ಮೀನು. ಮನಿಗೆ ಬರಾಕ ಕಾಲಿಲ್ಲ, ನೀರಾಗ ಹೋಗಾಕ ಮನಸಿಲ್ಲ."

"ಹೆಣ್ಣಿಗೂ ಮೀನಿಗೂ ಹ್ಯಾಂಗ್ರಿ ಅತ್ತಿ ಕೂಡತೈತಿ?"

"ನಮ್ಮ ಸೀರಿ ಹ್ಯಾಂಗ ಕೂಡತೈತಿ? ಮೈ ಅರಳಿ ನೂಲಿಂದು, ಸೆರಗ ರೇಶ್ಮಿದು. ಸೊಂಟದಾಗ ಕೊಂಡಿ ಹಾಕ್ಯಾನ ದೇವರು."

"ಮುಂದ?"

"ಮುಂದೇನ, ಕುಂತಾಳ. ನೀರಿನ ಮ್ಯಾಲೆ ಹ್ವಾದವರಿಗೆ ತಿರುಗಿ ಬರೂ ದಾರಿ ತೋರಸ್ತಾಳಂತ. ಆ ಕಲ್ಲ ಕಂಡ್ರ ಮನಿ ಬಂತು ಅಂತ ತಿಳಕೋಬೇಕು."

ಮೀನುಗಾರರ ಹೆಂಗಸರು ಆ ಕಲ್ಲಿಗೆ ತೆಂಗಿನಕಾಯಿ ಬಿಡುತ್ತಿದ್ದರಂತೆ. ನಮ್ಮ ಅಂಬತ್ತಿಗೆ ಮದುಮಗಳು ಅನ್ನುವುದೊಂದೇ ಮಾತು ಕಿವಿಯಲ್ಲಿ ಉಳಿಯಿತು. ಮದುಮಗಳೆಂದ ಮೇಲೆ ಉಡಿ ತುಂಬದೆ ಬಿಡುವುದುಂಟೆ? ನಮ್ಮಲ್ಲಿ ಮಗಳು ತವರಿನಿಂದ ಹೊರಟರೂ, ಮುತ್ತೈದೆ ಬಾಗಿಲಿಗೆ ಬಂದರೂ ಬರಿಗೈಯಲ್ಲಿ ಕಳಿಸುವುದಿಲ್ಲ. ಸೆರಗು ಒಡ್ಡಿಸಿ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಕುಪ್ಪಸದ ಖಣ ಹಾಕಿ, ಅರಿಷಿಣ ಕುಂಕುಮ ಹಚ್ಚಿ ಕಳಿಸುತ್ತೇವೆ. ಅಂಬತ್ತಿ ಒಂದು ಮಧ್ಯಾಹ್ನ ಮೊಣಕಾಲುಮಟ್ಟ ನೀರಿನಲ್ಲಿ ಇಳಿದು ಹೋಗಿ, ಆ ಕಲ್ಲಿನ ಮೇಲೆ ಉಡಿಯ ಸಾಮಾನೆಲ್ಲ ಇಟ್ಟು ಬಂದಳು. ದಂಡೆಯ ಮೇಲಿನ ಹೆಂಗಸರು ಬಿದ್ದು ಬಿದ್ದು ನಕ್ಕರಂತೆ. ಕಾಲೇ ಇಲ್ಲದವಳಿಗೆ ಮಡಿಲೆಲ್ಲಿ, ಮಡಿಲಿಲ್ಲದವಳಿಗೆ ಉಡಿ ಎಲ್ಲಿ, ಅಕ್ಕಿ ಜಾರಿ ನೀರಿಗೆ ಬಿದ್ದೀತು ಅಂತ. ಲೋಕದಲ್ಲಿ ಮೀನಿಗೆ ಉಡಿ ತುಂಬಿದವಳು ಗಜೇಂದ್ರಗಡದ ನೇಕಾರರ ಮಗಳು ಒಬ್ಬಳೇ ಇರಬೇಕು.

"ನಾ ಮೀನಿಗೆ ತುಂಬಲಿಲ್ಲ, ಮದಿಮಗಳಿಗೆ ತುಂಬಿದೆ" ಅನ್ನುತ್ತಿದ್ದಳು ಅಂಬತ್ತಿ. ಮುಂದಿನ ಸಲ ಆ ನಕ್ಕ ಹೆಂಗಸರೇ ಸೆರಗಿನ ತುದಿಯಲ್ಲಿ ಒಂದೊಂದು ಹಿಡಿ ಅಕ್ಕಿ ಕಟ್ಟಿಕೊಂಡು ಬಂದರಂತೆ.

ಆಮೇಲೆ ಅವಳ ಗಂಡ ಒಂದು ಹಡಗಿನಲ್ಲಿ ಖಲಾಸಿಯಾಗಿ ಹೋದರು. ಆಗ ಯುದ್ಧದ ಕಾಲ. "ತಿರುಗಿ ಬಂದ ದಿನಾ ಆ ಕಲ್ಲಿನ ಹಂತ್ಯಾಕ ನಿಂತಿರು, ಹಡಗದಿಂದನಾ ನೋಡತೇನಿ" ಅಂದು ಹೋದರು. ಯುದ್ಧ ಮುಗಿಯಿತು, ಅವರು ಬರಲಿಲ್ಲ. ಸತ್ತರೆಂಬ ಸುದ್ದಿಯೂ ಬರಲಿಲ್ಲ. ಅಂಬತ್ತಿ ನೀರಿಳಿದಾಗಲೆಲ್ಲ ಹೋಗಿ ಕಲ್ಲಿನ ಹತ್ತಿರ ನಿಂತು ಬರುತ್ತಿದ್ದಳು. ಒಂದು ಬೇಸಿಗೆ ಅಲ್ಲಿಗೆ ಲಾರಿಗಳು ಬರಲು ಶುರುವಾದವು. ಕಲ್ಲು ತಂದು ಸುರುವಿದರು, ಮಣ್ಣು ತಂದು ಸುರುವಿದರು, ಸಮುದ್ರದ ಆ ಮೂಲೆ ನೆಲವಾಗಿ ಹೋಯಿತು. ಇಲ್ಲಿ ಒಂದು ಕಲ್ಲಿತ್ತು ಎಂದು ಬೆರಳು ಮಾಡಿ ತೋರಿಸಲಿಕ್ಕೂ ಏನೂ ಉಳಿಯಲಿಲ್ಲ.

"ನಿಲ್ಲಾಕ ಜಾಗಾನ ಇಲ್ಲದಂಗಾತು" ಅಂದಳು ಅಂಬತ್ತಿ. "ಖೋಲ್ಯಾಗ ಕುಂತ ಕಾಯೂದಾದ್ರ ಗಜೇಂದ್ರಗಡದಾಗ ಕುಂತ ಕಾಯತೇನಿ ಅಂತ ಬಂದೆ." ಹರಿದ ಎಳೆಯೊಂದನ್ನು ಹೊಸೆದು ಕೂಡಿಸಿದಳು. ಆಮೇಲೆ, "ಅವರ ಬಂದಿರಬೇಕು ಹುಡುಗಿ. ಬಂದ ಹುಡಕಿರಬೇಕು. ಕಲ್ಲೂ ಇಲ್ಲ, ನಾನೂ ಇಲ್ಲ" ಅಂದಳು.

ಹೊಸ ಸೊಸೆ ನಾನು, ಬುದ್ಧಿ ಅಷ್ಟಕ್ಕಷ್ಟೇ. ಈ ಕತೆ ಕೇಳಿ ಕೇಳಿ ನನ್ನ ತಲೆಯಲ್ಲಿ ಒಂದು ಹುಳ ಹೊಕ್ಕಿತು. ದಿನವೆಲ್ಲ ಕುಣಿಯಲ್ಲೇ ಇರುವ ಈಕೆಯ ಕಾಲನ್ನು ನಾನು ಸರಿಯಾಗಿ ಕಂಡೇ ಇಲ್ಲವಲ್ಲ! ಸಂಜೆ ಮೇಲೆ ಬಂದರೂ ಸೀರೆ ನೆಲ ಗುಡಿಸುತ್ತಿತ್ತು. ನಗಬೇಡಿ. ಮೀನಿನ ಬಾಲ ಇದ್ದೀತೆಂದು ನಂಬಿದೆ ಅನ್ನುವುದಿಲ್ಲ, ಇರಲಿಕ್ಕಿಲ್ಲ ಅನ್ನುವ ಖಾತ್ರಿಯೂ ಇರಲಿಲ್ಲ. ಒಂದು ಮಧ್ಯಾಹ್ನ ಕೈಜಾರಿದ ಹಾಗೆ ಮಾಡಿ ಒಂದು ಕಂಡಿಕೆಯನ್ನು ಕುಣಿಗೆ ಬೀಳಿಸಿ, ತೆಗೆದುಕೊಳ್ಳುವ ನೆಪದಲ್ಲಿ ನೆಲಕ್ಕೆ ಮಲಗಿ ಒಳಗೆ ಬಗ್ಗಿದೆ.

ಎರಡು ಕಾಲು ಇದ್ದವು, ಎಲ್ಲರವೂ ಇರುವಂಥವು. ಹಿಮ್ಮಡಿ ಒಡೆದಿತ್ತು. ಆದರೆ ಆ ಕಾಲಿನ ಬೆರಳುಗಳಲ್ಲಿ ಬೆಳ್ಳಿಯ ಕಾಲುಂಗುರ ಇದ್ದವು.

ನಾನು ಕಂಡಿಕೆ ಮರೆತು ಅವನ್ನೇ ನೋಡಿದೆ. ಯಾಕೆಂದರೆ ಅಂಬತ್ತಿಯ ಹಣೆ ಬರಿದು. ಕೈಯಲ್ಲಿ ಬಳೆಯಿಲ್ಲ. ಅವಳು ಮುಂಬಯಿಯಿಂದ ಬಂದ ಹೊಸದರಲ್ಲಿ ಕುಂಕುಮ ಹಚ್ಚಿಕೊಳ್ಳುತ್ತಿದ್ದಳಂತೆ. ಓಣಿಯಲ್ಲಿ ಅದರದೇ ಮಾತಾಯಿತು. ಗಂಡ ಇದ್ದಾನೋ ಇಲ್ಲವೋ? ಇದ್ದರೆ ಎಲ್ಲಿ? ಇಲ್ಲದಿದ್ದರೆ ಈ ಕುಂಕುಮ ಯಾರ ಹೆಸರಿನದು? ಇವಳನ್ನು ಅರಿಷಿಣ ಕುಂಕುಮಕ್ಕೆ ಕರೆದರೆ ನಾಳೆ ಕೆಟ್ಟ ಸುದ್ದಿ ಬಂದೀತು, ಬಿಟ್ಟರೆ ಇವಳ ಗಂಡ ಬಂದು ಕೇಳಿಯಾನು. ಹೀಗೆ ಮಾತು ಬೆಳೆದು, ಅಣ್ಣನಿಗೆ ಕಿರಿಕಿರಿಯಾದೀತೆಂದು ಅವಳೇ ಹಣೆ ಒರೆಸಿಕೊಂಡಳು. ಅಂದಿನಿಂದ ಮನೆಗೆ ಬಂದ ಹೆಂಗಸರಿಗೆ ಉಡಿ ತುಂಬುವಾಗ ನಮ್ಮ ಅತ್ತೆಯವರು ಅಂಬತ್ತಿಯನ್ನು ದಾಟಿ ಮುಂದಿನವರ ಹತ್ತಿರ ಹೋಗುತ್ತಿದ್ದರು. ಕೆಟ್ಟ ಮನಸ್ಸಿನಿಂದಲ್ಲ, ಏನು ಮಾಡಬೇಕೆಂದು ತಿಳಿಯದೆ. ದಾಟಿಸಿಕೊಂಡವಳಿಗೆ ಆ ವ್ಯತ್ಯಾಸದಿಂದ ಏನು ಸಮಾಧಾನ!

ನಾನು ಬಗ್ಗಿದ್ದನ್ನು ಅಂಬತ್ತಿ ಕಂಡಳು. ಬೈಯಲಿಲ್ಲ. ಕುಣಿಯ ಗೋಡೆಯ ಗೂಡು ತೋರಿಸಿದಳು. ಮುಂಜಾನೆ ಇಳಿದಾಗ ಕಾಲುಂಗುರವನ್ನು ಗೂಡಿನಿಂದ ತೆಗೆದು ಹಾಕಿಕೊಳ್ಳುತ್ತಿದ್ದಳು. ಸಂಜೆ ಮೇಲೆ ಬರುವಾಗ ತೆಗೆದು ಅಲ್ಲೇ ಇಡುತ್ತಿದ್ದಳು.

"ಹಣಿ ಊರವರದು ಹುಡುಗಿ" ಅಂದಳು. "ಕಾಲ ನಂದು."

ಆ ಮಾತನ್ನು ನಾನು ಯಾರಿಗೂ ಹೇಳಲಿಲ್ಲ. ಹೊಟ್ಟೆಯಲ್ಲಿ ಮಾತು ನಿಲ್ಲದವಳೆಂದು ತವರಿನಲ್ಲಿ ಹೆಸರಾಗಿದ್ದ ನನಗೆ ಇದೊಂದು ಹೇಗೆ ನಿಂತಿತೋ. ಗಂಡನಿಗೂ ಹೇಳಲಿಲ್ಲ. ಅಂದಿನಿಂದ ಅವಳ ಮಗ್ಗದ ಸದ್ದು ನನಗೆ ಬೇರೆ ಕೇಳಿಸಲು ಶುರುವಾಯಿತು. ಮೇಲಿನ ಅರ್ಧ ಇಲ್ಲದ ಗಂಡನಿಗೆ, ಕೆಳಗಿನ ಅರ್ಧ ಇರುವ ಗಂಡನಿಗೆ. ಎರಡರ ನಡುವೆ ಅವಳು ಒಬ್ಬಳೇ ಕೂತಿರುತ್ತಿದ್ದಳು.

ಮನೆ ಬಿಟ್ಟು ಸುಮ್ಮನೆ ಹೊರಗೆ ಹೋಗುವ ಆಸಾಮಿಯಲ್ಲ ಅವಳು. ಆದರೂ ಒಮ್ಮೊಮ್ಮೆ ಸೋಮವಾರ ಗುಡ್ಡ ಹತ್ತಿ ಕಾಲಕಾಲೇಶ್ವರನ ಗುಡಿಗೆ ಹೋಗುತ್ತಿದ್ದಳು. ಅಲ್ಲಿ ಕಲ್ಲಿನ ಸಂದಿಯಿಂದ ಬೇಸಿಗೆಯಲ್ಲೂ ನೀರು ಜಿನುಗುತ್ತದೆ, ಅಂತರಗಂಗೆ ಅನ್ನುತ್ತೇವೆ. ಒಂದು ಸಲ ನಾನೂ ಜೊತೆಗೆ ಹೋಗಿದ್ದೆ. ಅವಳು ಆ ನೀರನ್ನು ಬೊಗಸೆಯಲ್ಲಿ ಹಿಡಿದು ಬಾಯಿಗಿಟ್ಟು, "ಸಿಹಿ ಐತಿ" ಅಂದು ಚೆಲ್ಲಿಬಿಟ್ಟಳು. ಸಮುದ್ರದ ಹಾಗೆ ಉಪ್ಪಾಗಿರದೆ ಸಿಹಿ ಇದ್ದದ್ದೇ ತಪ್ಪು ಅನ್ನುವ ಹಾಗಿತ್ತು ಆ ಮಾತು.

ನಾನು ಬಂದ ಎರಡೋ ಮೂರೋ ವರ್ಷಕ್ಕೆ ನಮ್ಮ ಯಜಮಾನರ ಚಿಕ್ಕಪ್ಪನ ಮಗನ ಮದುವೆ ಮುಂಬಯಿಯಲ್ಲಿ ಗೊತ್ತಾಯಿತು. ಗಿರಣಿಯಲ್ಲಿದ್ದ ಹುಡುಗ. ನಾವಿಬ್ಬರೂ ಹೋಗುವುದೆಂದಾಯಿತು. ಇದನ್ನು ಕೇಳಿದ ದಿನ ಅಂಬತ್ತಿ ಮಗ್ಗ ನಿಲ್ಲಿಸಿದಳು. "ಹೋಗೂದಾದ್ರ ನಂದೊಂದ ಕೆಲಸ ಮಾಡ. ಆಕಿಗೆ ಉಡಿ ತುಂಬಿ ಬಾ" ಅಂದಳು. "ಕಲ್ಲ ಕಾಣಲಿಕ್ಕಿಲ್ಲ. ಅದರ ಹಂತೇಲೆ ಎಲ್ಲೆರ ನೀರ ಇರತೈತಿ. ಅಲ್ಲಿ ಬಿಡು. ನಾ ಗಜೇಂದ್ರಗಡದಾಗ ಅದೇನಿ ಅಂತ ಹೇಳು. ಅವರ ಬಂದ್ರ ಆಕಿ ಹೇಳತಾಳ."

ಮನೆಯಲ್ಲಿ ಇದೊಂದು ದೊಡ್ಡ ಚರ್ಚೆಯೇ ಆಯಿತು. ಸೀರೆ ಕೊಡಬೇಕೆಂದು ಅಂಬತ್ತಿ. ಕಾಲಿಲ್ಲದವಳಿಗೆ ಪೂರಾ ಸೀರೆ ಯಾಕೆ, ಅರ್ಧ ಸಾಕು ಎಂದು ನಮ್ಮ ಮಾವನವರು, ನೇಕಾರರ ಲೆಕ್ಕದಲ್ಲಿ. ಮೀನಿನ ಮೈಯಿಗೆ ನಮ್ಮ ಮಗ್ಗದ ಅರಿವೆಯೇ ಎಂದು ಅತ್ತೆಯವರು. ಕೊನೆಗೆ ಖಣ ಸಾಕೆಂದು ತೀರ್ಮಾನವಾಯಿತು. ಮೇಲಿನ ಅರ್ಧ ಹೆಣ್ಣೇ ಆದ್ದರಿಂದ ಕುಪ್ಪಸಕ್ಕೆ ಯಾರ ತಕರಾರೂ ಇರಲಿಲ್ಲ. ಹಸಿರು ಖಣ, ಕೆಂಪು ಅಂಚು. ಅಕ್ಕಿ, ಕೊಬ್ಬರಿ ಎಲ್ಲ ಒಂದು ಬಿಳಿಯ ಅರಿವೆಯಲ್ಲಿ ಕಟ್ಟಿ ಕೊಟ್ಟಳು.

ರೋಣದ ಬಸ್ಸು, ಗದಗಿನ ರೈಲು, ದಾರಿ ತುಂಬ ಆ ಗಂಟು ನನ್ನ ತೊಡೆಯ ಮೇಲೆ. ಮದುವೆ ಮುಗಿದ ಮರುದಿನ ಯಜಮಾನರನ್ನು ಕಾಡಿ ಬೇಡಿ ಬಂದರಕ್ಕೆ ಕರೆದುಕೊಂಡು ಹೋದೆ. ಸಮುದ್ರ ಮೊದಲು ಮೂಗಿಗೆ ಬಂತು, ಆಮೇಲೆ ಕಣ್ಣಿಗೆ. ಅತ್ತೆಯವರ ನೆನಪಾಗಿ ಸೆರಗು ಮೂಗಿಗೆ ಹಿಡಿದುಕೊಂಡೆ. ಕಣ್ಣಿಗೆ ಬಿದ್ದ ಮೇಲೆ ಸೆರಗು ಎಲ್ಲಿ ಹೋಯಿತೋ ನೆನಪಿಲ್ಲ. ಅಷ್ಟು ನೀರು ಒಂದೇ ಕಡೆ ಇದ್ದೂ ಯಾರೂ ಕೊಡ ತಂದಿರಲಿಲ್ಲ.

ಅಂಬತ್ತಿ ಹೇಳಿದ ಗುರುತು ಹಿಡಿದು ಕೇಳುತ್ತ ಹೋದೆವು. ಗುರುತುಗಳೇ ಉಳಿದಿರಲಿಲ್ಲ. ಅಷ್ಟರಲ್ಲಿ ಗೋಣಿಚೀಲ ಹೊರುತ್ತಿದ್ದ ಒಬ್ಬ ಮುದುಕ ನಮ್ಮ ಮಾತು ಕೇಳಿ ನಿಂತ. ನರಗುಂದದವನು. "ನಮ್ಮ ಕಡೇವರ ಅದೀರಿ" ಅಂತ ಖುಷಿಪಟ್ಟ. ನಾನು ಮೀನಹೆಣ್ಣಿನ ಕಲ್ಲು ಎಲ್ಲಿ ಅಂತ ಕೇಳಿದೆ. ಯಜಮಾನರು ನಾಚಿಕೆಯಿಂದ ಹಡಗು ನೋಡುತ್ತ ನಿಂತರು.

ಮುದುಕ ನಗಲಿಲ್ಲ. ನನ್ನ ಕಾಲಿನ ಕಡೆ ನೋಡಿದ. "ನೀ ನಿಂತೀಯಲ್ಲವ್ವಾ, ಅದರ ತೆಳಗ ಐತಿ" ಅಂದ.

ನಾನು ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದೆ. ಅದು ಲಾರಿಗಳು ಓಡಾಡುವ ರಸ್ತೆ. ಒಂದು ಕಡೆ ದೊಡ್ಡ ಗೋದಾಮು, ಇನ್ನೊಂದು ಕಡೆ ಗೋಡೆ. ನೀರು ಎಲ್ಲೋ ಗೋಡೆಯ ಆಚೆ. ಅಲ್ಲಿಗೆ ನಮ್ಮಂಥವರನ್ನು ಬಿಡುವುದಿಲ್ಲ ಎಂದ ಮುದುಕ. "ತಗದ ಒಗದಿಲ್ಲ, ಮ್ಯಾಲೆ ಮುಚ್ಚ್ಯಾರ, ಅಷ್ಟ" ಅಂತ ಸಮಾಧಾನ ಹೇಳಿ ಚೀಲ ಹೆಗಲಿಗೇರಿಸಿದ.

ಗಂಟು ಹಿಡಿದುಕೊಂಡು ನಿಂತೆ. ಎಲ್ಲಿ ಇಡಲಿ? ಡಾಂಬರಿನ ಮೇಲೆ ಇಟ್ಟರೆ ಲಾರಿ ಹಾದು ಹೋಗುತ್ತದೆ. ದೂರದ ಯಾವುದೋ ನೀರಿಗೆ ಬಿಟ್ಟರೆ ಅದು ಅವಳಿಗೆ ಹೇಗೆ ಮುಟ್ಟೀತು? ಹಿಂದೊಂದು ಲಾರಿ ಹಾರ್ನು ಹೊಡೆಯಿತು. ಯಜಮಾನರು ರಟ್ಟೆ ಹಿಡಿದು ಪಕ್ಕಕ್ಕೆ ಎಳೆದರು. ನನಗೆ ಅಳು ಬಂತು. ಆ ಜನದಲ್ಲಿ, ಆ ಗದ್ದಲದಲ್ಲಿ, ಅಂಬತ್ತಿ ವರ್ಷಗಟ್ಟಲೆ ಇಲ್ಲಿ ಒಬ್ಬಳೇ ಬಂದು ನಿಂತಿದ್ದಳಲ್ಲ ಎಂದು ಅಳು ಬಂತು. ಗಂಟು ನನ್ನ ಜೊತೆಗೇ ತಿರುಗಿ ರೈಲು ಹತ್ತಿತು.

ಊರು ಮುಟ್ಟಿದ್ದು ಮಧ್ಯಾಹ್ನ. ಕಾಲು ತೊಳೆದು ನೆಟ್ಟಗೆ ಮಗ್ಗದ ಕೋಣೆಗೆ ಹೋದೆ. ಅಂಬತ್ತಿ ಕುಣಿಯಲ್ಲಿದ್ದಳು. ನನ್ನ ಕೈಯಲ್ಲಿನ ಗಂಟು ನೋಡಿ ಲಾಳಿ ಬಿಟ್ಟಳು. ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದೆ. ರಸ್ತೆ, ಗೋದಾಮು, ನರಗುಂದದ ಮುದುಕ, ಅವನು ಅಂದ ಮಾತು. ಅವಳು ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ. ಒಂದೇ ಒಂದು ಮಾತು ಕೇಳಿದಳು.

"ಮುಚ್ಚೂ ಮುಂದ ಆಕಿಗೆ ಯಾರೂ ಉಡಿ ತುಂಬಲಿಲ್ಲೇನು?"

ಬಾಗಿಲಲ್ಲಿ ಅತ್ತೆಯವರು ಬಂದು ನಿಂತಿದ್ದರು. ಕೊಡಲು ಹೊರಟ ಉಡಿ ಮನೆಗೆ ತಿರುಗಿ ಬರಬಾರದು, ಬಂದರೆ ಯಾರಿಗಾದರೂ ತುಂಬಲೇಬೇಕು ಅನ್ನುವುದು ಅವರದೇ ಶಾಸ್ತ್ರ. ನಾನು ಗಂಟು ಬಿಚ್ಚಿದೆ. ಕುಣಿಯ ಅಂಚಿಗೆ ಕೂತು, "ಅತ್ತಿ, ಸೆರಗ ಒಡ್ರಿ" ಅಂದೆ. ಅಷ್ಟು ಧೈರ್ಯ ಎಲ್ಲಿಂದ ಬಂತೋ ನನಗೆ ಇವತ್ತಿಗೂ ಗೊತ್ತಿಲ್ಲ.

"ಏ ಸವಡಿಯಾಕಿ" ಅಂದರು ಅತ್ತೆಯವರು. ಗದರಿದ್ದಲ್ಲ, ಅಂಜಿಕೆ ಇತ್ತು ದನಿಯಲ್ಲಿ. "ಹಣಿ ನೋಡೀ ಇಲ್ಲೋ? ಬ್ಯಾಡವಾ. ಆಕಿಗೆ ಒಳ್ಳೇದಾಗೂದಿಲ್ಲ."

ಅಂಬತ್ತಿ ನನ್ನ ಮುಖ ನೋಡಿದಳು, ಅತ್ತಿಗೆಯ ಮುಖ ನೋಡಿದಳು. ಆಮೇಲೆ ಎರಡೂ ಕೈ ನೆಲಕ್ಕೆ ಊರಿ ಮೈ ಎತ್ತಿ, ಒಂದೊಂದೇ ಕಾಲು ಕುಣಿಯಿಂದ ಹೊರಗೆ ತೆಗೆದು, ಕೋಣೆಯ ಬೆಳಕಿನಲ್ಲಿ ಮುಂದೆ ಚಾಚಿ ಕೂತಳು. ಕಾಲುಂಗುರ ಕಂಡವು. ಸೀರೆಯಿಂದ ಮುಚ್ಚಿಕೊಳ್ಳಲಿಲ್ಲ.

"ಅವರ ಸತ್ತಾರಂತ ನನಗ ಯಾರೂ ಹೇಳಿಲ್ಲ ವೈನಿ" ಅಂದಳು. "ಹೇಳೂತನಕ ಇವು ಇರತಾವು."

ಅತ್ತೆಯವರು ಆ ಕಾಲನ್ನೇ ನೋಡುತ್ತ ನಿಂತರು. ತಾವು ಎಷ್ಟು ಸಲ ಈಕೆಯನ್ನು ದಾಟಿ ಹೋಗಿದ್ದೆವೆಂದು ಅವರಿಗೆ ಆಗ ಹೊಳೆದಿರಬೇಕು. ತಿರುಗಿ ಒಳಗೆ ಹೋದರು. ಸಿಟ್ಟಾಯಿತೆಂದು ನಾನು ಅಂದುಕೊಂಡೆ. ಅಂಬತ್ತಿ ಸೆರಗು ಒಡ್ಡಲಿಲ್ಲ, ನಾನು ಅಕ್ಕಿ ಹಿಡಿದ ಕೈ ಇಳಿಸಲಿಲ್ಲ. ಅಡಿಗೆ ಮನೆಯಲ್ಲಿ ಡಬ್ಬಿ ಸರಿಸಿದ ಸಪ್ಪಳವಾಯಿತು. ಅತ್ತೆಯವರು ಅರಿಷಿಣ ಕುಂಕುಮದ ಬಟ್ಟಲು ಹಿಡಿದು ಬಂದು ನನ್ನ ಪಕ್ಕ ಕೂತರು.

"ಅರಿಷಿಣ ಇಲ್ಲದ ಉಡಿ ತುಂಬತಾರೇನ ನಿಮ್ಮ ಸವಡ್ಯಾಗ?" ಅಂತ ನನ್ನನ್ನು ಬೈದರು.

ಅಂಬತ್ತಿಯ ಸೆರಗು ತುಂಬಿತು. ಮುಂಬಯಿ ನೋಡಿ ಬಂದ ಅಕ್ಕಿ, ಮುಂಬಯಿ ನೋಡಿ ಬಂದ ಖಣ. ಮೂವರೂ ಅತ್ತೆವು, ಯಾರ ಸಲುವಾಗಿ ಯಾರು ಅತ್ತರೆಂದು ಬಿಡಿಸಿ ಹೇಳುವುದು ಕಷ್ಟ.

ಇದರಿಂದ ಅವಳ ಬದುಕು ಹಸನಾಯಿತೆಂದು ನಾನು ಹೇಳಿದರೆ ಅದು ಕತೆಯಾದೀತು. ಗಂಡ ಬರಲಿಲ್ಲ. ಸ್ವಲ್ಪ ದಿನಕ್ಕೆ ಕನ್ನಡ ನಾಡು ಒಂದಾಯಿತು. ಊರಲ್ಲಿ ಪೇಢೆ ಹಂಚಿದರು. ಅಂಬತ್ತಿ ತನ್ನ ಪೇಢೆ ಕೈಯಲ್ಲಿ ಹಿಡಿದು, "ಇನ್ನ ಮುಂಬೈ ಮಂದೀದಾತು" ಅಂದಳು. ಕಾಲುಂಗುರ ಮಾತ್ರ ಮತ್ತೆ ಗೂಡಿಗೆ ಹೋಗಲಿಲ್ಲ. ಹಣೆಗೆ ಕುಂಕುಮ ಅವಳಾಗಿ ಹಚ್ಚಿಕೊಳ್ಳಲಿಲ್ಲ, ಅತ್ತೆಯವರು ಹಬ್ಬಕ್ಕೆ ಹಚ್ಚಿದರೆ ಬೇಡ ಅನ್ನಲಿಲ್ಲ. ಆ ಖಣವನ್ನು ಕುಪ್ಪಸ ಹೊಲಿಸಿಕೊಳ್ಳಲೂ ಇಲ್ಲ. "ಅದು ಆಕೀದು. ನಾ ಇಟಗೊಂಡೇನಿ ಅಷ್ಟ" ಅಂತ ತನ್ನ ತಗಡಿನ ಟ್ರಂಕಿನಲ್ಲಿ ಇಟ್ಟಳು. ಎಷ್ಟೋ ವರ್ಷದ ಮೇಲೆ ಅವಳು ತೀರಿಕೊಂಡಾಗ, ಹೇಗೆ ಕಳಿಸುವುದೆಂದು ಓಣಿಯವರು ಮತ್ತೆ ಮಾತು ತೆಗೆದರು. ನಮ್ಮ ಅತ್ತೆಯವರು ಎದ್ದು ನಿಂತು, "ಕಾಲ ನೋಡ್ರಿ" ಅಂದರು. ಹಸಿರು ಬಳೆ ಇಟ್ಟು ಉಡಿ ತುಂಬಿ ಕಳಿಸಿದೆವು.

ನಮ್ಮ ಯಜಮಾನರು ಹೋಗಿಯೂ ಬಹಳ ದಿನವಾಯಿತು. ಮನೆ ತುಂಬ ಮಕ್ಕಳು ಮೊಮ್ಮಕ್ಕಳಿದ್ದಾರೆ, ಆದರೂ ಮಧ್ಯಾಹ್ನ ಎಲ್ಲರೂ ಮಲಗಿದಾಗ ಒಬ್ಬಳೇ ಅನ್ನಿಸುತ್ತದೆ. ಅನ್ನಿಸಿದಾಗ ಅವರನ್ನು ಒಯ್ದ ದಾರಿ ನನಗೆ ಗೊತ್ತಿದೆ, ಮಣ್ಣು ಮಾಡಿದ ಜಾಗ ಗೊತ್ತಿದೆ. ಹೋಗಿ ಎರಡು ಹೂವು ಇಟ್ಟು ಬರುತ್ತೇನೆ. ಅಂಬತ್ತಿಗೆ ಅಷ್ಟೂ ಇರಲಿಲ್ಲ. ಅವಳಿಗೆ ಇದ್ದದ್ದು ಒಂದು ಕಲ್ಲು, ಅದನ್ನೂ ಮುಚ್ಚಿದರು. ಆಮೇಲೆ ಈ ಕುಣಿ.

ಅಗೋ, ಮೌಲಾಸಾಬ ಬಂದ. ಎರಡನೆಯ ಕಪ್ಪೂ ಮುಗಿಸಿ ಬಂದಿದ್ದಾನೆ. ಗರಸಿನ ಮೊದಲ ಬುಟ್ಟಿ ಹೆಗಲ ಮೇಲಿದೆ. "ಹಾಕಲೇನ್ರಿ?" ಅಂತ ಕೇಳಿದ.

"ನಿಂದ್ರು" ಅಂದೆ.

ಒಳಗೆ ಹೋಗಿ ತಗಡಿನ ಟ್ರಂಕು ತೆಗೆದೆ. ಖಣ ಮಡಿಕೆಯಲ್ಲಿ ಸವೆದಿತ್ತು, ಹಸಿರು ಇನ್ನೂ ಹಸಿರೇ ಇತ್ತು. ಅಡಿಗೆ ಮನೆಯಿಂದ ಅಕ್ಕಿ, ಕೊಬ್ಬರಿ, ಎಲೆ ಅಡಿಕೆ ತೆಗೆದುಕೊಂಡೆ. ಅರಿಷಿಣ ಮರೆಯಲಿಲ್ಲ. ಸೊಸೆ, "ಏನ ನಡಿಸೀರಿ ಅತ್ತಿ?" ಅಂತ ಹಿಂದೆಯೇ ಬಂದಳು. ನನ್ನ ವಯಸ್ಸಿಗೆ ಒಪ್ಪುವ ಕೆಲಸವಲ್ಲ, ಆದರೂ ಕುಣಿಯ ಅಂಚಿಗೆ ಕೂತು ಕಾಲು ಒಳಗೆ ಇಳಿಬಿಟ್ಟೆ. ಸೊಂಟದ ಕೆಳಗೆ ತಂಪಾಯಿತು. ಬಗ್ಗಿ ಗೋಡೆಯ ಗೂಡಿನಲ್ಲಿ ಕೈಯಾಡಿಸಿದೆ, ಬರಿದಿತ್ತು. ಖಣವನ್ನು ಅಲ್ಲಿಟ್ಟೆ. ಅದರ ಮೇಲೆ ಹಿಡಿ ಹಿಡಿಯಾಗಿ ಅಕ್ಕಿ ಹಾಕಿದೆ, ಸ್ವಲ್ಪ ಜಾರಿ ಕೆಳಗೆ ಬಿತ್ತು. ಬೀಳಲಿ, ಉಡಿ ಅಂದ ಮೇಲೆ ಚೆಲ್ಲುತ್ತದೆ.

"ಯಾರಿಗ್ರಿ ಅವ್ವಾರ ಇದು?" ಅಂದ ಮೌಲಾಸಾಬ.

"ಮುಚ್ಚೂ ಮುಂದ ಉಡಿ ತುಂಬಬೇಕಪಾ" ಅಂದೆ. "ಒಮ್ಮೆ ತುಂಬದನ ಮುಚ್ಚಿದ್ರು."

ಸೊಸೆ ಕೈಕೊಟ್ಟು ನನ್ನನ್ನು ಮೇಲೆ ಎತ್ತಿದಳು. ಮೌಲಾಸಾಬನಿಗೆ ಏನು ತಿಳಿಯಿತೋ, ಹೆಗಲ ಮೇಲಿನ ಬುಟ್ಟಿಯನ್ನು ಸುರುವದೆ ಕೆಳಗಿಟ್ಟ. ಚಪ್ಪಲಿ ಕಳೆದು ಕುಣಿಗೆ ಇಳಿದು, ಗೂಡಿನ ಬಾಯಿಗೆ ಮೊದಲ ಮಣ್ಣನ್ನು ಕೈಯಿಂದಲೇ ಮೆಲ್ಲಗೆ ಇಟ್ಟ.